ಸೀಲು ಬದಲಿಸಿದರೂ ಎಣ್ಣೆ ಸೋರುತ್ತಿದೆ, ಮತ್ತೆ ಹೊಸದು ಹಾಕಬೇಕೇ?

ಮಾರುತಿ 800ರ ಮುಂದಿನ ಕ್ರ್ಯಾಂಕ್ ಆಯಿಲ್ ಸೀಲು (ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಸುತ್ತ ಎಣ್ಣೆ ಹೊರಬರದಂತೆ ತಡೆಯುವ ರಬ್ಬರಿನ ಉಂಗುರ) ಬದಲಿಸಿ ಎರಡು ತಿಂಗಳಾಗಿಲ್ಲ, ಮತ್ತೆ ಎಣ್ಣೆ ತೊಟ್ಟಿಕ್ಕುತ್ತಿದೆ, ಈ ಬಾರಿ ಮನೆಯಲ್ಲೇ ಹಾಕಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಹಾಕಬಹುದು. ಆದರೆ ಅಂಗಡಿಗೆ ಹೋಗುವ ಮುನ್ನ ಹಾಕಿದ ಸೀಲು ಇಷ್ಟು ಬೇಗ ಏಕೆ ಕೆಟ್ಟಿತು ಎಂಬುದನ್ನು ಪತ್ತೆ ಮಾಡಿ. ನನ್ನದೂ ಇದೇ ಕಾರು. ಎರಡು ಸಲ ಗ್ಯಾರೇಜಿನಲ್ಲಿ ಬದಲಿಸಿದೆ, ಎರಡೂ ಸಲ ಸೋರಿತು. ಮೂರನೆಯ ಸಲ ನಾನೇ ಬಿಚ್ಚಿದಾಗ ಕಾರಣ ಕಣ್ಣಿಗೆ ಬಿತ್ತು.

ಮೊದಲು ಎಣ್ಣೆಯ ಮೂಲ ನೋಡಿ. ಈ 796 ಸಿಸಿ ಎಂಜಿನ್ನಿನ ಟೈಮಿಂಗ್ ಬೆಲ್ಟಿನ ಮುಚ್ಚಳದೊಳಗೆ ಮೇಲ್ಗಡೆ ಕ್ಯಾಮ್‌ಶಾಫ್ಟಿನ ಸೀಲೂ ಇದೆ. ಕ್ಯಾಮ್‌ಶಾಫ್ಟ್ ಎಂದರೆ ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ಶಾಫ್ಟ್, ಕ್ರ್ಯಾಂಕ್ ಅದನ್ನು ಈ ಬೆಲ್ಟಿನ ಮೂಲಕ ತಿರುಗಿಸುತ್ತದೆ. ಅದು ಸೋರಿದರೂ ಎಣ್ಣೆ ಇಳಿದು ಬರುವುದು ಕೆಳಗಿನ ಕ್ರ್ಯಾಂಕ್ ಪುಲ್ಲಿಯ ಬಳಿಗೇ. ಜಿಡ್ಡನ್ನೆಲ್ಲ ಒರೆಸಿ ಒಣಗಿಸಿ, ಸ್ವಲ್ಪ ದೂರ ಓಡಿಸಿ, ಆಮೇಲೆ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಒದ್ದೆಯ ಜಾಗಗಳಲ್ಲಿ ಅತ್ಯಂತ ಮೇಲಿರುವುದೇ ಮೂಲ.

ಎರಡನೆಯದು ಎಂಜಿನ್ನಿನ ಉಸಿರಾಟ. ಪಿಸ್ಟನ್ ರಿಂಗುಗಳನ್ನು ದಾಟಿ ಒಂದಿಷ್ಟು ಅನಿಲ ಸದಾ ಕೆಳಗಿನ ಕ್ರ್ಯಾಂಕ್‌ಕೇಸಿಗೆ, ಅಂದರೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆಗೆ, ನುಸುಳುತ್ತದೆ. ಅದು ಬ್ರೀದರ್ ಕೊಳವೆಯ ಮೂಲಕ ಹೊರಬೀಳಬೇಕು. ಆ ಕೊಳವೆ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಣ್ಣೆ ದುರ್ಬಲವಾದ ಸೀಲನ್ನು ಹುಡುಕಿಕೊಂಡು ಹೊರಬರುತ್ತದೆ. ನನ್ನ ಕಾರಿನ ಕೊಳವೆಯೊಳಗೆ ಕಪ್ಪು ಮಡ್ಡಿ ಎಷ್ಟು ಗಟ್ಟಿಯಾಗಿತ್ತೆಂದರೆ ಬಾಯಿಟ್ಟು ಊದಿದರೂ ಗಾಳಿ ಹೋಗಲಿಲ್ಲ. ಸೀಲು ಬದಲಿಸಿದವರು ಯಾರೂ ಅದನ್ನು ಬಿಚ್ಚಿಯೇ ನೋಡಿರಲಿಲ್ಲ, ಅದು ನನಗೆ ಇಂದಿಗೂ ಬೇಸರದ ಸಂಗತಿ. ಕೊಳವೆ ಶುದ್ಧವಾಗಿದ್ದೂ ಎಂಜಿನ್ ಓಡುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಹೊಗೆ ಜೋರಾಗಿ ನುಗ್ಗುತ್ತಿದ್ದರೆ ರಿಂಗುಗಳೇ ಸವೆದಿರಬಹುದು. ಆಗ ಸೀಲಿನಿಂದ ಏನೂ ಆಗದು.

ಇನ್ನು ಬಿಚ್ಚುವ ಕೆಲಸ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಕಾರನ್ನು ಬರೀ ಜಾಕಿನ ಮೇಲೆ ನಂಬಿ ಬಿಡದೆ ಸ್ಟ್ಯಾಂಡಿಗೆ ಕೂರಿಸಿ. ಟೈಮಿಂಗ್ ಬೆಲ್ಟ್ ತೆಗೆಯುವ ಮುನ್ನ ಕ್ರ್ಯಾಂಕ್ ಮತ್ತು ಕ್ಯಾಮ್ ಎರಡರ ಟೈಮಿಂಗ್ ಗುರುತುಗಳನ್ನು ಸರಿಹೊಂದಿಸಿ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ಹಳೆಯ ಸೀಲನ್ನು ಎಬ್ಬಿಸುವಾಗ ಸ್ಕ್ರೂಡ್ರೈವರಿನ ತುದಿ ಶಾಫ್ಟಿಗೆ ತಾಕಲೇಬಾರದು. ಕೂದಲೆಳೆಯಷ್ಟು ಗೀರು ಬಿದ್ದರೂ ಎಣ್ಣೆಗೆ ಅದೇ ದಾರಿ. ತೆಗೆದ ಸೀಲನ್ನು ಎಸೆಯದೆ ಬೆಳಕಿಗೆ ಹಿಡಿದು ಅದರ ತುಟಿ, ಅಂದರೆ ಶಾಫ್ಟಿಗೆ ತಾಗುವ ಒಳ ಅಂಚು, ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದು ಬಿಸಿಗೆ ಬೆಂದಿದೆ. ನನ್ನ ಎರಡನೆಯ ಸೀಲಿನ ರಬ್ಬರು ಮೆತ್ತಗೇ ಇತ್ತು, ಆದರೆ ತುಟಿಯ ಒಂದು ಕಡೆ ಉಗುರು ಕತ್ತರಿಸಿದಂತೆ ಸಣ್ಣ ಕಚ್ಚು ಬಿದ್ದಿತ್ತು. ಶಾಫ್ಟಿನಲ್ಲಿ ಕೀಲಿ (ಪುಲ್ಲಿ ಜಾರದಂತೆ ಹಿಡಿಯುವ ಲೋಹದ ತುಂಡು) ಕೂರುವ ಸಂದಿನ ಅಂಚು ಚೂಪಾಗಿರುತ್ತದೆ. ಸೀಲನ್ನು ಅದರ ಮೇಲೆ ಹಾಗೆಯೇ ಜಾರಿಸಿದಾಗ ಕುಯ್ದುಹೋಗಿದೆ. ಮೂರನೆಯದನ್ನು ಹಾಕುವಾಗ ಆ ಅಂಚಿಗೆ ತೆಳುವಾದ ಟೇಪ್ ಸುತ್ತಿ, ಸೀಲು ದಾಟಿದ ಮೇಲೆ ಬಿಚ್ಚಿದೆ.

ಶಾಫ್ಟನ್ನು ಒರೆಸಿ, ತುಟಿ ಕೂರುವ ಜಾಗದಲ್ಲಿ ಉಗುರು ಅಡ್ಡಲಾಗಿ ಎಳೆಯಿರಿ. ಹೊಳಪು ಮಾತ್ರ ಕಂಡರೆ ಚಿಂತೆಯಿಲ್ಲ. ಉಗುರು ಸಿಕ್ಕಿಕೊಂಡರೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ಅಲ್ಲಿ ತೋಡು ಬಿದ್ದಿದೆ ಎಂದರ್ಥ. ಜಾಗವಿದ್ದರೆ ಹೊಸ ಸೀಲನ್ನು 1 ಮಿಲಿಮೀಟರಿನಷ್ಟು ಹೆಚ್ಚು ಅಥವಾ ಕಡಿಮೆ ಆಳದಲ್ಲಿ ಕೂರಿಸಿದರೆ ತುಟಿಗೆ ಹೊಸ ಲೋಹ ಸಿಗುತ್ತದೆ. ತೋಡು ಆಳವಾಗಿದ್ದರೆ ಶಾಫ್ಟಿಗೆ ತೆಳುವಾದ ಉಕ್ಕಿನ ಸ್ಲೀವ್ (ಬಳೆಯಂಥ ಕವಚ) ಹಾಕಿಸಬೇಕು.

ಹೊಸ ಸೀಲಿನ ಸ್ಪ್ರಿಂಗ್ ಇರುವ ಬದಿ ಎಂಜಿನ್ನಿನ ಕಡೆಗಿರಲಿ. ತುಟಿಗೆ ಎಂಜಿನ್ ಆಯಿಲ್ ಸವರಿ. ಬಡಿಯುವಾಗ ಸ್ಪ್ರಿಂಗ್ ಹಾರದಂತೆ ಅದರ ಸುತ್ತ ಸ್ವಲ್ಪ ಗ್ರೀಸ್ ತುಂಬಿ. ಸೀಲಿನ ಹೊರ ಅಂಚಿಗೆ ಸರಿಹೊಂದುವ ಪೈಪ್ ತುಂಡನ್ನಿಟ್ಟು ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟಿ, ಒಂದು ಕಡೆಯಿಂದ ಬಡಿದರೆ ಓರೆಯಾಗುತ್ತದೆ. ಎಣ್ಣೆಯಲ್ಲಿ ನೆನೆದ ಬೆಲ್ಟನ್ನು ಒರೆಸಿ ಮತ್ತೆ ಹಾಕಬೇಡಿ, ಹೊಸದನ್ನೇ ಹಾಕಿ. ಸ್ಟಾರ್ಟ್ ಮಾಡುವ ಮುನ್ನ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳು ಕೂಡಿವೆಯೇ ನೋಡಿ.

ಎಣ್ಣೆ ಬೀಳುತ್ತಿರುವುದು ಪುಲ್ಲಿಯ ಕಡೆಯಲ್ಲದೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಆಗಿದ್ದರೆ ಈ ಮಾತೆಲ್ಲ ಸಾಲದು. ಅದು ಹಿಂದಿನ ಸೀಲು, ಗೇರ್‌ಬಾಕ್ಸನ್ನೇ ಇಳಿಸಬೇಕು. ಆ ಕೆಲಸವನ್ನು ಒಳ್ಳೆಯ ಮೆಕ್ಯಾನಿಕ್‌ಗೆ ಬಿಡಿ, ಬಿಚ್ಚಿದಾಗಲೇ ಕ್ಲಚ್ ಪ್ಲೇಟಿಗೆ ಎಣ್ಣೆ ತಗುಲಿದೆಯೇ ಎಂದು ನಿಂತು ನೋಡಿ.