ವರ್ಷಕ್ಕೆ 50 ಪುಸ್ತಕಗಳ ಗುರಿ ಮತ್ತು ದಪ್ಪ ಕಾದಂಬರಿಗಳು

ನಮಸ್ಕಾರ. ವರ್ಷಕ್ಕೆ 50 ಪುಸ್ತಕಗಳ ಗುರಿಯಿಟ್ಟುಕೊಂಡವರು ದಪ್ಪ ಕಾದಂಬರಿಗಳನ್ನು ಬದಿಗಿಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಕಳೆದ ವರ್ಷ ನಾನೂ ಅಂಥದೇ ಗುರಿಯ ಬೆನ್ನುಹತ್ತಿ, ತೆಳುವಾದ ಪುಸ್ತಕಗಳನ್ನೇ ಆರಿಸಿಕೊಳ್ಳತೊಡಗಿದ್ದೆ. ಆದರೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಕೈಗೆತ್ತಿಕೊಂಡಾಗ, ಲಿಸ್ಬನ್ನಿನ ತೇಜೋ ನದಿಯ ದಡದಿಂದ ವಿಜಯನಗರದ ತುಂಗಭದ್ರೆಯವರೆಗೆ ಹರಡಿಕೊಂಡ ಆ ಕಥೆಗೆ ಇಡೀ ಒಂದು ತಿಂಗಳು ಹಿಡಿಯಿತು, ಆ ತಿಂಗಳು ವ್ಯರ್ಥವಾಯಿತೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಹಾಗೆಂದು ಓದಿನ ಭಾರವನ್ನು ಗಾತ್ರದಿಂದ ಅಳೆಯಲೂ ಆಗದು: ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021) ಚಿಕ್ಕದು, ಆದರೂ ನಿರೂಪಕ ವೆಂಕಟನ ಮಾತನ್ನು ಎಷ್ಟು ನಂಬಬೇಕೆಂಬ ಅನುಮಾನ ಹುಟ್ಟಿ, ಮೊದಲಿನಿಂದ ಮತ್ತೊಮ್ಮೆ ಓದಿದೆ. ಈ ವರ್ಷ ನನ್ನ ಗುರಿ 12. ಪ್ರತಿಯೊಂದರ ಬಗ್ಗೆಯೂ ದಿನಚರಿಯಲ್ಲಿ ಒಂದು ಪುಟ ಬರೆಯುತ್ತಿದ್ದೇನೆ.