ಚಳಿ ತಾಳುವ ಬಹುವಾರ್ಷಿಕ ಹೂಗಿಡಗಳನ್ನು ಬಾರ್ಡರ್‌ಗೆ ಆರಿಸುವುದು ಹೇಗೆ?

ಬೇಲಿಯ ಗುಂಟ 8 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಜಾಗ, ಅದರಲ್ಲಿ ಅರ್ಧಕ್ಕೆ ದಿನವಿಡೀ ಬಿಸಿಲು, ಇನ್ನರ್ಧಕ್ಕೆ ದೊಡ್ಡ ಮರದ ನೆರಳು, ಅಂಟುವ ಜೇಡಿಮಣ್ಣು, ಚಳಿಗಾಲದಲ್ಲಿ ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ಚಳಿ. ಒಮ್ಮೆ ನೆಟ್ಟರೆ ಹಲವು ವರ್ಷ ಬಾಳಿ, ವಸಂತದಿಂದ ಶರತ್ಕಾಲದವರೆಗೆ ಒಂದಿಲ್ಲೊಂದು ಹೂ ಕಾಣಿಸುವಂಥ ಬಹುವಾರ್ಷಿಕ ಗಿಡಗಳು ಯಾವುವು, ಅವನ್ನು ಹೇಗೆ ಆರಿಸಬೇಕು ಎಂಬುದು ನಿಮ್ಮ ಪ್ರಶ್ನೆ. ಇಂಥ ಬಾರ್ಡರ್‌ಗಳನ್ನು, ಅಂದರೆ ಅಂಚಿನುದ್ದಕ್ಕೂ ಸಾಗುವ ಹೂಪಾತಿಗಳನ್ನು, ಬಹುಕಾಲದಿಂದ ನೋಡಿಕೊಂಡು ಬಂದ ಅನುಭವದ ಮೇಲೆ ಹೇಳುವುದಾದರೆ, ಗಿಡವನ್ನು ಅದರ ಹೂವಿನ ಚಿತ್ರ ನೋಡಿ ಆರಿಸಬಾರದು. ಅದು ತನ್ನ ಕಷ್ಟದ ಕಾಲವನ್ನು ಹೇಗೆ ಕಳೆಯುತ್ತದೆ ಮತ್ತು ಹೂವಿಲ್ಲದ ತಿಂಗಳುಗಳಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ತಿಳಿದು ಆರಿಸಬೇಕು. ಬಹುತೇಕ ಬಹುವಾರ್ಷಿಕಗಳು ವರ್ಷಕ್ಕೆ ಎರಡರಿಂದ ನಾಲ್ಕು ವಾರ ಮಾತ್ರ ತುಂಬಿ ಹೂ ಬಿಡುತ್ತವೆ. ಉಳಿದ ಕಾಲವೆಲ್ಲ ನಿಮ್ಮ ಕಣ್ಣೆದುರು ಇರುವುದು ಎಲೆ, ಕಾಂಡ ಮತ್ತು ಗಿಡದ ಆಕಾರ.

ಮೊದಲು ಚಳಿಯ ಲೆಕ್ಕ. ಅಮೆರಿಕದ ಕೃಷಿ ಇಲಾಖೆಯ ವಲಯ ನಕ್ಷೆ ಒಂದು ಸ್ಥಳದ ವಾರ್ಷಿಕ ಕನಿಷ್ಠ ಉಷ್ಣಾಂಶದ ಸರಾಸರಿಯನ್ನು ಆಧರಿಸಿ 13 ವಲಯಗಳನ್ನು ಗುರುತಿಸುತ್ತದೆ. 2023ರಲ್ಲಿ ಬಂದ ಪರಿಷ್ಕೃತ ನಕ್ಷೆ 1991ರಿಂದ 2020ರವರೆಗಿನ ದಾಖಲೆಗಳನ್ನು ಬಳಸಿದೆ. ನೀವು ಹೇಳುವ ಚಳಿ ಆ ಪ್ರಕಾರ 7ನೇ ವಲಯಕ್ಕೆ ಸೇರುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಅಳತೆಯಲ್ಲಿ ಎಚ್5 ಎಂದರೆ ಸೊನ್ನೆಗಿಂತ 10ರಿಂದ 15 ಡಿಗ್ರಿ ಕೆಳಗಿನ ಚಳಿಯನ್ನೂ ಎಚ್6 ಎಂದರೆ 15ರಿಂದ 20 ಡಿಗ್ರಿ ಕೆಳಗಿನ ಚಳಿಯನ್ನೂ ತಾಳುವ ಗಿಡ. ವಲಯದ ಅಂಕಿ ಸರಾಸರಿಯನ್ನು ಹೇಳುತ್ತದೆಯೇ ಹೊರತು ಅತಿ ಕೆಟ್ಟ ವರ್ಷವನ್ನಲ್ಲ. ಆದ್ದರಿಂದ ನಿಮ್ಮ ವಲಯಕ್ಕಿಂತ ಒಂದು ಹೆಜ್ಜೆ ಹೆಚ್ಚು ಚಳಿ ತಡೆಯುವ, ಅಂದರೆ 6ನೇ ವಲಯ ಅಥವಾ ಅದಕ್ಕಿಂತ ಕಡಿಮೆ ಅಂಕಿಯ, ಎಚ್6 ಅಥವಾ ಎಚ್7 ಎಂದು ಗುರುತಿಸಿದ ಗಿಡಗಳನ್ನೇ ಆರಿಸಿ. ಕುಂಡದಲ್ಲಿ ಬೆಳೆಸುವುದಾದರೆ ಇನ್ನೂ ಹೆಚ್ಚು ಅಂತರ ಬೇಕು, ಏಕೆಂದರೆ ಅಲ್ಲಿ ಬೇರುಗಳಿಗೆ ನೆಲದ ಕಾಪು ಇರುವುದಿಲ್ಲ. ಈ ಅಂಕಿಗಳು ಬೇಸಿಗೆಯ ಕಾವಿನ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದೂ ನೆನಪಿರಲಿ.

ಆದರೆ ನಿಮ್ಮ ಪಾತಿಯಲ್ಲಿ ಚಳಿಗಿಂತ ದೊಡ್ಡ ಶತ್ರು ಚಳಿಗಾಲದ ತೇವ. ಒಣ ನೆಲದಲ್ಲಿ ತೀವ್ರ ಚಳಿಯನ್ನು ತಡೆದುಕೊಳ್ಳುವ ಗಿಡವೇ ನೀರು ನಿಂತ ಜೇಡಿಮಣ್ಣಿನಲ್ಲಿ ಸಾಧಾರಣ ಚಳಿಗೂ ಸಾಯುವುದುಂಟು. ಬೆಳವಣಿಗೆ ನಿಂತ ಬೇರಿಗೆ ಗಾಳಿಯಾಡದೆ ಬುಡ ಕೊಳೆಯುವುದೇ ಅದಕ್ಕೆ ಕಾರಣ. ಲ್ಯಾವೆಂಡರ್, ಗೌರಾ ಇವೆಲ್ಲ ಹೀಗೆಯೇ ಹೋಗುತ್ತವೆ, ಮತ್ತು ಬೆಳೆಸಿದವರು ಚಳಿಯನ್ನು ದೂರುತ್ತಾರೆ. ಆದ್ದರಿಂದ ಗಿಡಗಳ ಪಟ್ಟಿ ಮಾಡುವ ಮೊದಲು ಪಾತಿಯಲ್ಲಿ ಎರಡು ಮೂರು ಕಡೆ 30 ಸೆಂಟಿಮೀಟರ್ ಆಳ ಮತ್ತು ಅಷ್ಟೇ ಅಗಲದ ಗುಂಡಿ ತೆಗೆದು, ನೀರು ತುಂಬಿಸಿ ಬಸಿದುಹೋಗಲು ಬಿಡಿ. ಮತ್ತೊಮ್ಮೆ ತುಂಬಿಸಿ, ಒಂದು ಕೋಲನ್ನು ನಿಲ್ಲಿಸಿ, ನೀರಿನ ಮಟ್ಟ ಗಂಟೆಗೆ ಎಷ್ಟು ಇಳಿಯುತ್ತದೆಂದು ಅಳೆಯಿರಿ. ಗಂಟೆಗೆ ಎರಡೂವರೆ ಸೆಂಟಿಮೀಟರಿನಷ್ಟಾದರೂ ಇಳಿದರೆ ಹೆಚ್ಚಿನ ಗಿಡಗಳಿಗೆ ಸಾಕು. ನೀರು ಅಲ್ಲೇ ನಿಂತರೆ ಪಾತಿಯನ್ನು ಸುತ್ತಲಿನ ನೆಲಕ್ಕಿಂತ ಒಂದು ಗೇಣಿನಷ್ಟು ಎತ್ತರಿಸಿ.

ಜೇಡಿಮಣ್ಣಿಗೆ ಮರಳು ಬೆರೆಸುವ ಸಲಹೆ ನಿಮಗೆ ಖಂಡಿತ ಸಿಕ್ಕಿರುತ್ತದೆ. ದಯವಿಟ್ಟು ಅದನ್ನು ಪಾಲಿಸಬೇಡಿ. ಸ್ವಲ್ಪ ಮರಳು ಬೆರೆತ ಜೇಡಿ ಒಣಗಿದಾಗ ಮೊದಲಿಗಿಂತ ಗಟ್ಟಿಯಾಗುತ್ತದೆ. ಅದರ ಬದಲು ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಇಡೀ ಪಾತಿಗೆ ಐದರಿಂದ ಏಳು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಮೇಲಿನ ಮಣ್ಣಿನೊಡನೆ ಬೆರೆಸಿ. ಗಿಡ ನೆಡುವ ಗುಂಡಿಗಷ್ಟೇ ಕಾಂಪೋಸ್ಟ್ ತುಂಬಿದರೆ ಸುತ್ತಲ ಜೇಡಿಯ ನೀರೆಲ್ಲ ಆ ಗುಂಡಿಗೇ ಇಳಿದು ನಿಲ್ಲುತ್ತದೆ.

ಈಗ ಬಿಸಿಲಿನ ಭಾಗ. ನನ್ನ ಮೊದಲ ಆಯ್ಕೆ ಬೇಸಿಗೆಯ ಉತ್ತರಾರ್ಧದಲ್ಲಿ ಹಳದಿ ಹೂ ಹೊರುವ ರುಡ್ಬೆಕಿಯಾ ಫಲ್ಜಿಡಾ. ಇದರ ‘ಗೋಲ್ಡ್‌ಸ್ಟರ್ಮ್’ ತಳಿಯನ್ನು ಅಮೆರಿಕದ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ 1999ರ ವರ್ಷದ ಗಿಡವಾಗಿ ಆರಿಸಿತ್ತು. ಎಲ್ಲೆಡೆ ಸಿಗುವುದೂ ಅದೇ. ಜೇಡಿಮಣ್ಣನ್ನು ಇದು ಸಹಿಸುವುದಷ್ಟೇ ಅಲ್ಲ, ಅದರಲ್ಲಿ ಸಂತೋಷವಾಗಿಯೇ ಹಬ್ಬುತ್ತದೆ. ತೇವ ಹೆಚ್ಚಿದಲ್ಲಿ ಎಲೆಗಳಿಗೆ ಕಪ್ಪು ಚುಕ್ಕೆ ರೋಗ ಬರುವುದುಂಟು, ಆದ್ದರಿಂದ ಗಿಡಗಳ ನಡುವೆ ಗಾಳಿಯಾಡಲು 45 ಸೆಂಟಿಮೀಟರ್ ಜಾಗ ಬಿಡಿ. ಅದರ ಜೊತೆಗೆ ನೇರಳೆಗೆಂಪು ಹೂವಿನ ಎಕಿನೇಸಿಯಾ ಪರ್ಪ್ಯೂರಿಯಾ ಬರಲಿ. ಕಿತ್ತಳೆ, ಹಳದಿ ಬಣ್ಣಗಳ ಹೊಸ ಎಕಿನೇಸಿಯಾ ಮಿಶ್ರತಳಿಗಳು ನೋಡಲು ಬಹಳ ಸುಂದರವಾದರೂ ಅವುಗಳಲ್ಲಿ ಹಲವು ಎರಡು ಮೂರು ಚಳಿಗಾಲ ಕಳೆಯುವುದರೊಳಗೆ ಕ್ಷೀಣಿಸುತ್ತವೆ. ಹಳೆಯ ನೇರಳೆಗೆಂಪು ಜಾತಿ ಅವೆಲ್ಲಕ್ಕಿಂತ ಗಟ್ಟಿ, ಮತ್ತು ತನ್ನ ಬೀಜದಿಂದಲೇ ಮರಿಗಿಡಗಳನ್ನು ಬೆಳೆಸಿಕೊಳ್ಳುತ್ತದೆ. ಸುತ್ತು ಹೂಗಳ ತಳಿಗಳಿಗಿಂತ ಒಂಟಿ ಸುತ್ತಿನ ಎಸಳಿನವೇ ಇರಲಿ, ಏಕೆಂದರೆ ಎಸಳು ಹೆಚ್ಚಿದ ಹೂವಿನಲ್ಲಿ ಜೇನುನೊಣಕ್ಕೆ ಮಕರಂದ, ಪರಾಗ ಸಿಗುವುದು ಬಹಳ ಕಡಿಮೆ.

ಬೇಸಿಗೆಯ ಆರಂಭಕ್ಕೆ ಸಾಲ್ವಿಯಾ ನೆಮೊರೋಸಾ ಮತ್ತು ನೆಪೆಟಾ ಒಳ್ಳೆಯವು. ಎರಡೂ ನೀಲಿ-ನೇರಳೆ ತೆನೆಗಳನ್ನು ಬಿಡುತ್ತವೆ. ಮೊದಲ ಹೂ ಮುಗಿದೊಡನೆ ಅರ್ಧಕ್ಕೆ ಕತ್ತರಿಸಿದರೆ ಹೊಸ ಎಲೆಯ ಜೊತೆಗೆ ಎರಡನೆಯ ಬಾರಿ ಹೂ ಬರುತ್ತದೆ. ಆದರೆ ಇವು ನೀರು ಬಸಿಯುವ ನೆಲವನ್ನು ಬಯಸುವುದರಿಂದ ಪಾತಿಯ ಅತಿ ಎತ್ತರದ, ಒಣಗಿದ ಮೂಲೆಯನ್ನು ಇವಕ್ಕೇ ಮೀಸಲಿಡಿ. ಡೇಲಿಲಿ ಯಾವ ಮಣ್ಣಿಗೂ ಹೊಂದಿಕೊಳ್ಳುತ್ತದೆ; ಒಂದೊಂದು ಹೂ ಒಂದೇ ದಿನ ಬಾಳಿದರೂ ಒಂದು ಕಾಂಡದಲ್ಲಿ ಹತ್ತಾರು ಮೊಗ್ಗುಗಳಿರುವುದರಿಂದ ವಾರಗಟ್ಟಲೆ ಅರಳುತ್ತಲೇ ಇರುತ್ತದೆ. ಇವುಗಳ ನಡುವಿನ ಖಾಲಿ ಜಾಗ ತುಂಬಲು ಜೆರೇನಿಯಂ ‘ರೋಜಾನ್’ ಗಿಡಕ್ಕೆ ಸಮನಾದದ್ದನ್ನು ನಾನು ಕಂಡಿಲ್ಲ. ಅದು ಬೀಜ ಕಟ್ಟದ ಮಿಶ್ರತಳಿಯಾದ್ದರಿಂದ ಬೇಸಿಗೆಯ ಮೊದಲಿನಿಂದ ಶರತ್ಕಾಲದ ಮೊದಲ ಹಿಮದವರೆಗೆ ನೇರಳೆ-ನೀಲಿ ಹೂ ಬಿಡುತ್ತಲೇ ಇರುತ್ತದೆ. ಕಿಟಕಿಯ ಕುಂಡಗಳಲ್ಲಿ ಬೆಳೆಸುವ ಕೆಂಪು ಹೂವಿನ ಗಿಡವನ್ನೂ ಜನ ಜೆರೇನಿಯಂ ಎಂದೇ ಕರೆಯುತ್ತಾರೆ. ಅದು ಪೆಲಾರ್ಗೋನಿಯಂ, ಹಿಮವನ್ನು ತಡೆಯುವುದಿಲ್ಲ. ಕೊಳ್ಳುವಾಗ ಚೀಟಿಯನ್ನು ಓದಿ ನೋಡಿ.

ಶರತ್ಕಾಲಕ್ಕೆ ಸೆಡಮ್ ಮತ್ತು ಆಸ್ಟರ್. ಸೆಡಮ್ ಗಿಡವನ್ನು ವರ್ಷದ ಕೊನೆಯಲ್ಲಿ ಬಗ್ಗಿ ನೋಡಿದವರಿಗೆ ಗಟ್ಟಿ ಗಿಡವೆಂದರೇನು ಎಂಬುದು ಅರ್ಥವಾಗುತ್ತದೆ: ಮೇಲೆ ಗೊಂಚಲು ಒಣಗಿ ಕಂದುಬಣ್ಣಕ್ಕೆ ತಿರುಗುತ್ತಿರುವಾಗಲೇ ಕಾಂಡದ ಬುಡದಲ್ಲಿ, ಮಣ್ಣಿಗೆ ತಾಗಿದಂತೆ, ಬೂದು-ಹಸಿರಿನ ಚಿಕ್ಕ ಮೊಗ್ಗುಗಳು ಎಲೆ ಮುಚ್ಚಿಕೊಂಡು ಕುಳಿತಿರುತ್ತವೆ, ಅವೇ ಮುಂದಿನ ವರ್ಷದ ಕಾಂಡಗಳು. ಒಣಗಿದ ಗೊಂಚಲನ್ನು ಚಳಿಗಾಲವಿಡೀ ಕತ್ತರಿಸದೆ ಬಿಡಿ. ಗೊಬ್ಬರ ಕೊಡಬೇಡಿ, ಕೊಟ್ಟರೆ ಕಾಂಡ ಮೆತ್ತಗಾಗಿ ನಡುವೆ ಬಾಯ್ಬಿಟ್ಟು ಬೀಳುತ್ತದೆ. ನ್ಯೂ ಇಂಗ್ಲೆಂಡ್ ಆಸ್ಟರ್ ಒಂದೂವರೆ ಮೀಟರಿನವರೆಗೂ ಬೆಳೆಯುತ್ತದೆ, ಹೂ ಬಿಡುವ ಹೊತ್ತಿಗೆ ಕೆಳಗಿನ ಎಲೆಗಳು ಒಣಗಿರುತ್ತವೆ. ಆದ್ದರಿಂದ ಅದನ್ನು ಹಿಂದಿನ ಸಾಲಿನಲ್ಲಿ ನೆಟ್ಟು ಮುಂದೆ ಬೇರೆ ಗಿಡ ಇರುವಂತೆ ನೋಡಿಕೊಳ್ಳಿ. ವಸಂತದ ಕೊನೆಯಲ್ಲಿ ಅದರ ಎತ್ತರದ ಮೂರನೆಯ ಒಂದು ಭಾಗವನ್ನು ಚಿವುಟಿದರೆ ಗಿಡ ಗಿಡ್ಡವಾಗಿ, ಕವಲೊಡೆದು, ಊರುಗೋಲಿಲ್ಲದೆ ನಿಲ್ಲುತ್ತದೆ, ಹೂ ತುಸು ತಡವಾಗುತ್ತದೆ.

ಪಿಯೋನಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಸರಿಯಾದ ಜಾಗ ಸಿಕ್ಕರೆ ಅದು ಐವತ್ತು ವರ್ಷಕ್ಕೂ ಮೀರಿ ಬಾಳುವ ಗಿಡ. ಅದರ ಬುಡದಲ್ಲಿ ಮುಂದಿನ ವರ್ಷದ ಕೆಂಪು ಕಣ್ಣುಗಳು, ಅಂದರೆ ಚಿಗುರುವ ಮೊಗ್ಗುಗಳು, ಇರುತ್ತವೆ. ನೆಡುವಾಗ ಆ ಕಣ್ಣುಗಳ ಮೇಲೆ ಐದು ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಇರಬಾರದು. ಆಳಕ್ಕೆ ಹೂತರೆ ಸೊಂಪಾದ ಎಲೆ ಬರುತ್ತದೆ, ಹೂ ಮಾತ್ರ ಬರುವುದಿಲ್ಲ. ಹೂ ಕಟ್ಟಲು ಅದಕ್ಕೆ ಚಳಿಯೂ ಬೇಕು, ನಿಮ್ಮಲ್ಲಿ ಆ ಕೊರತೆ ಇಲ್ಲ. ಅದನ್ನು ಪದೇ ಪದೇ ಕೀಳಬಾರದಾದ್ದರಿಂದ ಮೊದಲೇ ಶಾಶ್ವತ ಸ್ಥಳ ಗೊತ್ತುಮಾಡಿ.

ನೆರಳಿನ ಭಾಗದಲ್ಲಿ ಸಮಸ್ಯೆ ಬೆಳಕಿನದಷ್ಟೇ ಅಲ್ಲ, ಬಾಯಾರಿಕೆಯದೂ ಹೌದು. ಮರದ ಬೇರು ಬೇಸಿಗೆಯಲ್ಲಿ ಮಣ್ಣಿನ ನೀರನ್ನೆಲ್ಲ ಹೀರುತ್ತದೆ. ನೆರಳಿನ ಗಿಡವೆಂದು ಎಲ್ಲರೂ ಹೇಳುವ ಅಸ್ಟಿಲ್ಬೆಗೆ ಸದಾ ತೇವ ಬೇಕು, ಇಲ್ಲಿ ಅದರ ಎಲೆಯಂಚು ಸುಟ್ಟುಹೋಗುತ್ತದೆ. ಅದರ ಬದಲು ಚಳಿಗಾಲದ ಕೊನೆಗೇ ಅರಳುವ ಹೆಲೆಬೋರ್, ಒಣ ನೆರಳನ್ನು ಸಲೀಸಾಗಿ ಸಹಿಸುವ ಎಪಿಮೀಡಿಯಂ, ಮತ್ತು ಎಲೆ ಉಜ್ಜಿದರೆ ಗಾಢ ವಾಸನೆ ಬರುವ ಜೆರೇನಿಯಂ ಮ್ಯಾಕ್ರೋರೈಜಮ್ ಇವನ್ನು ನೆಡಿ. ಮಣ್ಣಿನಲ್ಲಿ ತುಸು ಹಸಿ ಉಳಿಯುವ ಅಂಚಿಗೆ ವಸಂತದಲ್ಲಿ ನೀಲಿ ಹೂ ಬಿಡುವ ಬ್ರನ್ನೆರಾ ಮತ್ತು ಶರತ್ಕಾಲದ ಹೊತ್ತಿಗೆ ಅರಳುವ ಜಪಾನೀ ಅನೆಮೋನೆ ಹೊಂದುತ್ತವೆ. ಅನೆಮೋನೆ ನೆಲೆಯೂರಿದ ಮೇಲೆ ಬೇರಿನಿಂದ ಹಬ್ಬುವ ಸ್ವಭಾವದ್ದು, ಬೇಡವಾದಲ್ಲಿ ಆಗಾಗ ಕೀಳಬೇಕು. ಇಲ್ಲಿ ಚಿಕ್ಕ ಸಸಿಗಳನ್ನೇ ತನ್ನಿ, ದೊಡ್ಡ ಗುಂಡಿ ತೋಡಿ ಮರದ ಬೇರು ಕಡಿಯುವ ಪ್ರಮೇಯ ಬರುವುದಿಲ್ಲ. ಬೇರುಗಳ ಮೇಲೆ ಹೊಸ ಮಣ್ಣನ್ನು ದಪ್ಪಗೆ ಸುರಿಯಬೇಡಿ, ಅದರಿಂದ ಮರಕ್ಕೇ ಹಾನಿ. ಪಾತಿ ಎತ್ತರಿಸುವ ಸಲಹೆ, ಮಣ್ಣು ಕೆದಕಿ ಕಾಂಪೋಸ್ಟ್ ಬೆರೆಸುವ ಸಲಹೆ ಎರಡೂ ಬಿಸಿಲಿನ ಭಾಗಕ್ಕೆ ಮಾತ್ರ. ನೆರಳಿನಲ್ಲಿ ಕಾಂಪೋಸ್ಟನ್ನು ತೆಳುವಾಗಿ ಮೇಲೆ ಹರಡಿದರೆ ಸಾಕು.

ಇಷ್ಟು ಹೆಸರು ಹೇಳಿದ ಮೇಲೆ ಒಂದು ಎಚ್ಚರಿಕೆ: ಎಲ್ಲವನ್ನೂ ಒಂದೊಂದು ತಂದು ನೆಡಬೇಡಿ. 8 ಮೀಟರಿಗೆ ಎಂಟು ಹತ್ತು ಬಗೆ ಸಾಕು. ಪ್ರತಿಯೊಂದರಲ್ಲೂ ಮೂರು ಅಥವಾ ಐದು ಗಿಡಗಳನ್ನು ಗುಂಪಾಗಿ ನೆಟ್ಟು, ಒಂದೆರಡು ಬಗೆಯನ್ನು ಪಾತಿಯುದ್ದಕ್ಕೂ ಮತ್ತೆ ಮತ್ತೆ ಬರುವಂತೆ ಮಾಡಿದರೆ ಕಣ್ಣಿಗೆ ಒಂದು ಹಿಡಿತ ಸಿಗುತ್ತದೆ. ಪಿಯೋನಿ, ಆಸ್ಟರ್‌ಗಳಂಥ ದೊಡ್ಡವು ಒಂಟಿಯಾಗಿದ್ದರೂ ಸರಿ. ಇಂಗ್ಲೆಂಡಿನ ಉದ್ಯಾನ ವಿನ್ಯಾಸಕಿ ಗರ್ಟ್ರೂಡ್ ಜೀಕಲ್ (1843–1932) ತಮ್ಮ ಬಾರ್ಡರ್‌ಗಳಲ್ಲಿ ಗಿಡಗಳನ್ನು ಉದ್ದನೆಯ ಓರೆ ಪಟ್ಟಿಗಳಾಗಿ ನೆಡುತ್ತಿದ್ದರು. ಒಂದು ಪಟ್ಟಿಯ ಹೂ ಮುಗಿದಾಗ ಮುಂದಿನ ಪಟ್ಟಿ ಆ ಖಾಲಿತನವನ್ನು ಮರೆಮಾಡುತ್ತಿತ್ತು. ಆ ಉಪಾಯ ಚಿಕ್ಕ ಪಾತಿಗೂ ಸಲ್ಲುತ್ತದೆ. ಬೇಲಿಗೂ ಹಿಂದಿನ ಸಾಲಿಗೂ ನಡುವೆ ಕಾಲಿಡುವಷ್ಟು ಜಾಗ ಬಿಡಿ, ಇಲ್ಲವಾದರೆ ಕತ್ತರಿಸಲು ಹೋಗುವಾಗ ಮುಂದಿನ ಗಿಡಗಳನ್ನೇ ತುಳಿಯಬೇಕಾಗುತ್ತದೆ.

ನರ್ಸರಿಯಲ್ಲಿ ಹೂ ತುಂಬಿದ ಗಿಡದ ಕಡೆಗೆ ಕೈ ಹೋಗುವುದು ಸಹಜ. ಆದರೆ ನೋಡಬೇಕಾದದ್ದು ಬುಡವನ್ನು. ಕುಂಡದ ಮಣ್ಣಿನ ಮಟ್ಟದಲ್ಲಿ ಹಲವು ಚಿಗುರುಗಳಿರುವ, ಎಲೆಯ ಅಡಿಯಲ್ಲಿ ಹುಳುವಿನ ಗುರುತಿಲ್ಲದ, ಇನ್ನೂ ಮೊಗ್ಗು ಕಟ್ಟದ ಗಿಡವನ್ನು ಆರಿಸಿ. ಅನುಮತಿ ಕೇಳಿ ಕುಂಡವನ್ನು ಮೆಲ್ಲಗೆ ಕಳಚಿ ನೋಡಿದರೆ ಬೇರುಗಳು ಬಿಳಿಯಾಗಿ ಗಟ್ಟಿಯಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದ ಬೇರು ಕೊಳೆತದ ಗುರುತು. ಬೇರುಗಳು ಕುಂಡದ ಸುತ್ತ ಸುರುಳಿ ಸುತ್ತಿಕೊಂಡಿದ್ದರೆ ನೆಡುವ ಮುನ್ನ ಅವನ್ನು ಬೆರಳಿಂದ ಬಿಡಿಸಬೇಕು. ವಸಂತದಲ್ಲಿ ನೆಡುವುದು ಎಲ್ಲಕ್ಕಿಂತ ಸುಲಭ. ಶರತ್ಕಾಲದಲ್ಲಿ ನೆಟ್ಟರೆ ನೆಲ ಹೆಪ್ಪುಗಟ್ಟಲು ಕನಿಷ್ಠ ಆರು ವಾರ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಹೆಪ್ಪುಗಟ್ಟಿ ಕರಗುವ ಮಣ್ಣು ಬೇರೂರದ ಸಸಿಯನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ಮೊದಲ ವರ್ಷ ಗಿಡಗಳು ಚಿಕ್ಕದಾಗಿಯೇ ಇರುತ್ತವೆ, ಪಾತಿ ತುಂಬಿಕೊಳ್ಳುವುದು ಸಾಮಾನ್ಯವಾಗಿ ಮೂರನೆಯ ವರ್ಷಕ್ಕೆ. ಅಲ್ಲಿಯವರೆಗೆ ಖಾಲಿ ಜಾಗದಲ್ಲಿ ಏಕವಾರ್ಷಿಕ ಹೂಗಳನ್ನು ಬೆಳೆಸಿಕೊಳ್ಳಬಹುದು, ಬೇಸರಪಟ್ಟು ಇನ್ನಷ್ಟು ಬಹುವಾರ್ಷಿಕಗಳನ್ನು ತುರುಕಬಾರದು. ಮೊದಲ ಬೇಸಿಗೆಯಲ್ಲಿ ಮಳೆಯಿಲ್ಲದ ವಾರಗಳಲ್ಲಿ ಬೇರಿಗೆ ಇಳಿಯುವಂತೆ ಆಳವಾಗಿ ನೀರು ಕೊಡಿ.

ಕೊನೆಯದಾಗಿ, ಮನೆಯಲ್ಲಿ ಬೆಕ್ಕಿದ್ದರೆ ಮೇಲಿನ ಪಟ್ಟಿಯಿಂದ ಡೇಲಿಲಿಯನ್ನು ತೆಗೆದುಬಿಡಿ. ಅದರ ಎಲೆ, ಹೂ, ಪರಾಗ ಎಲ್ಲವೂ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸಿ ಪ್ರಾಣಕ್ಕೇ ಎರವಾಗಬಲ್ಲವು. ಹೆಲೆಬೋರ್ ಕೂಡ ವಿಷದ ಗಿಡ, ಎಲೆ ಬಾಯಿಗಿಡುವ ಚಿಕ್ಕ ಮಕ್ಕಳಿರುವಲ್ಲಿ ಅದನ್ನು ಕೈಗೆಟುಕದ ಹಿಂಬದಿಗೆ ಹಾಕಿ. ಡೇಲಿಲಿಯ ಜಾಗಕ್ಕೆ ಬೂದಿ ರೋಗವನ್ನು ಬಹಳಮಟ್ಟಿಗೆ ತಡೆಯುವ ಬಿಳಿ ಹೂವಿನ ‘ಡೇವಿಡ್’ ಫ್ಲಾಕ್ಸ್ ಚೆನ್ನಾಗಿ ಒಗ್ಗುತ್ತದೆ. ಅದೂ ನಡುಬೇಸಿಗೆಯಲ್ಲೇ ಅರಳುವುದರಿಂದ ಹೂವಿನ ಸರದಿ ತಪ್ಪುವುದಿಲ್ಲ.