ಯುಕೆಜಿಯಲ್ಲಿರೋ ‘ಜಿ’ ಗಾರ್ಡನ್ ಅಲ್ಲ

ಪ್ರಶ್ನೆ: ಮಗಳು ಯುಕೆಜಿ. ಅವಳ ಶಾಲೆಗೆ ಬರೆದ ಪತ್ರದಲ್ಲಿ ನಾನು ‘ಕಿಂಡರ್‌ಗಾರ್ಡನ್’ ಅಂತ ಬರೆದಿದ್ದೆ. ಟೀಚರ್ ‘ಡಿ’ ಹೊಡೆದು ‘ಟಿ’ ಮಾಡಿದ್ದಾರೆ. ತೋಟಕ್ಕೆ ಇಂಗ್ಲಿಷಿನಲ್ಲಿ ಗಾರ್ಡನ್ ಅಲ್ವಾ? ಇದು ಜರ್ಮನ್ ಪದವಂತೆ. ಇಂಥವು ಇನ್ನೂ ಇವೆಯಾ?

ಉತ್ತರ: ಟೀಚರ್ ತಿದ್ದಿದ್ದು ಸರಿ. ಜರ್ಮನ್ನಿನಲ್ಲಿ ಕಿಂಡರ್ ಅಂದರೆ ಮಕ್ಕಳು, ಗಾರ್ಟನ್ ಅಂದರೆ ತೋಟ. ಹಾಗಂತ ನಿಮ್ಮದೂ ಪೂರ್ತಿ ತಪ್ಪಲ್ಲ. ಗಾರ್ಡನ್ ಮತ್ತು ಗಾರ್ಟನ್ ದೂರದ ನೆಂಟರು. ಒಂದು ಫ್ರೆಂಚ್ ಮನೆ ಸುತ್ತಿಕೊಂಡು ಇಂಗ್ಲಿಷಿಗೆ ಬಂತು, ಇನ್ನೊಂದು ನೇರವಾಗಿ ಬಂತು.

ಈ ಹೆಸರಿಟ್ಟವನು ಫ್ರೀಡ್ರಿಖ್ ಫ್ರೋಬೆಲ್. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್ ಊರಲ್ಲಿ ಪುಟ್ಟ ಮಕ್ಕಳಿಗೆ ಶಾಲೆ ತೆರೆದ. ಕೈಗೆ ಉಣ್ಣೆ ಚೆಂಡು, ಮರದ ತುಂಡು ಕೊಟ್ಟು ಆಡಲು ಬಿಡುತ್ತಿದ್ದ. ಮಕ್ಕಳು ಗಿಡ ಬೆಳೆಸಲು ಅವರವರದೇ ಪಾತಿ ಇರಬೇಕು ಅನ್ನುತ್ತಿದ್ದ. ಅಂದರೆ ತೋಟ ಅನ್ನೋದು ಸುಮ್ನೆ ಅಂದದ ಮಾತಲ್ಲ. ಮೂರು ವರ್ಷ ಬಿಟ್ಟು, 1840ರಲ್ಲಿ, ಈ ಹೆಸರು ಹೊಳೆಯಿತು.

1851ರಲ್ಲಿ ಆಗಿನ ದೊಡ್ಡ ಜರ್ಮನ್ ರಾಜ್ಯವಾದ ಪ್ರಷ್ಯಾದ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಫ್ರೋಬೆಲ್‌ನ ಅಣ್ಣನ ಮಗನ ರಾಜಕೀಯವನ್ನು ಚಿಕ್ಕಪ್ಪನ ತಲೆಗೆ ಕಟ್ಟಿದರು! ಅಷ್ಟರಲ್ಲಿ ಜರ್ಮನ್ನರು ಗುಂಪುಗುಂಪಾಗಿ ಅಮೆರಿಕಕ್ಕೆ ಹೊರಟಿದ್ದರು. 1856ರಲ್ಲಿ ಮಾರ್ಗರೆಥೆ ಶುರ್ಟ್ಸ್ ವಿಸ್ಕಾನ್ಸಿನ್‌ನ ವಾಟರ್‌ಟೌನ್‌ನಲ್ಲಿ ಜರ್ಮನ್ ಮಾತಾಡುವ ಮಕ್ಕಳಿಗೆ ಒಂದು ಶುರು ಮಾಡಿದಳು. 1860ರಲ್ಲಿ ಬಾಸ್ಟನ್ನಿನ ಎಲಿಜಬೆತ್ ಪೀಬಾಡಿ ಇಂಗ್ಲಿಷಿನಲ್ಲೇ ನಡೆಸಿದಳು. ಪದದ ಸ್ಪೆಲಿಂಗ್ ಯಾರೂ ಮುಟ್ಟಲಿಲ್ಲ. ನಾವೋ, ಎರಡೇ ಅಕ್ಷರಕ್ಕೆ ಇಳಿಸಿ ಮುಂದೆ ಎಲ್, ಯು ಸೇರಿಸಿಕೊಂಡೆವು.

ಬೇರೆ ಪದಗಳಾ? ಬೇಕಾದಷ್ಟಿವೆ. ನನಗೆ ಜಾಸ್ತಿ ಇಷ್ಟ ಗಣಿಯವರು ಕೊಟ್ಟವು. ತಾಮ್ರದಂತೆ ಕಾಣುವ ಒಂದು ಅದಿರು ಇತ್ತು. ಎಷ್ಟು ಕಾಯಿಸಿದರೂ ತಾಮ್ರ ಬರುತ್ತಿರಲಿಲ್ಲ. ಇದು ದೆವ್ವದ ಕಾಟ ಅಂತ ‘ಕುಪ್ಫರ್‌ನಿಕ್ಕೆಲ್’, ಅಂದರೆ ತಾಮ್ರದ ಪಿಶಾಚಿ, ಅಂತ ಬೈದರು. 1751ರಲ್ಲಿ ಸ್ವೀಡನ್ನಿನ ಕ್ರೊನ್‌ಸ್ಟೆಟ್ ಅದರಿಂದ ಬೇರೆಯೇ ಲೋಹ ತೆಗೆದ. ಹೆಸರಿಡುವಾಗ ತಾಮ್ರ ಬಿಟ್ಟು ಪಿಶಾಚಿ ಉಳಿಸಿಕೊಂಡ: ನಿಕ್ಕಲ್. ಕೋಬಾಲ್ಟ್ ಕೂಡ ಹೀಗೇ, ‘ಕೋಬೋಲ್ಡ್’ ಅನ್ನೋ ಕುಳ್ಳ ಭೂತದ ಹೆಸರು.

ಡಾಲರ್? ಅದೂ ಗಣಿಯಿಂದ ಬಂದದ್ದೇ. ಈಗ ಚೆಕ್ ದೇಶದಲ್ಲಿರುವ ಯೋಆಖಿಮ್ಸ್‌ಥಾಲ್ ಕಣಿವೆಯಲ್ಲಿ 1520ರ ಸುಮಾರಿಗೆ ಬೆಳ್ಳಿ ನಾಣ್ಯ ಟಂಕಿಸುತ್ತಿದ್ದರು. ಊರ ಹೆಸರಲ್ಲಿ ಅದು ‘ಯೋಆಖಿಮ್ಸ್‌ಥಾಲರ್’. ಉದ್ದವಾಯಿತು ಅಂತ ಜನ ‘ಥಾಲರ್’ ಅಂದರು. ಥಾಲ್ ಅಂದರೆ ಕಣಿವೆ. ಡಾಲರ್ ಅಂದರೆ ಮೂಲದಲ್ಲಿ ‘ಕಣಿವೆಯದು’, ಅಷ್ಟೇ.